ಪಕ್ಕಕ್ಕೆ ಹೋದ ಹತ್ತೊಂಬತ್ತು ಚೆಂಡು

ಮೆಟುಚೆನ್, ಶನಿವಾರ

ಅಣ್ಣಾ,

ಫೋನಿನಲ್ಲಾದರೆ ಇಬ್ಬರೂ ಕೂಗಾಡುತ್ತೇವೆ, ಅದಕ್ಕೇ ಈ ಕಾರ್ಡು. ಮೆಲ್ಬರ್ನಿನ ಸ್ಟೇಡಿಯಮ್ಮಿನಲ್ಲಿ ನೀನು ಕಂಡ ನಮ್ಮ ಟೀಮಿನ ಸೋಲನ್ನೇ ನಾವು ಆರು ಜನ ಇಲ್ಲಿ ಬೆಳಗಿನ ಐದೂವರೆಗೆ ಅದರದೇ ಸ್ಕಾರ್ಫ್ ಸುತ್ತಿಕೊಂಡು, ನಾನು ಬಾಡಿಗೆಗಿರುವ ಮನೆಯ ರಾಜಿ ಆಂಟಿಯ ಬೇಸ್‌ಮೆಂಟಿನಲ್ಲಿ ಕೂತು ನೋಡಿದೆವು. ಗೆದ್ದರೆ ಹಂಚಲೆಂದು ಆಂಟಿ ಕೇಸರಿಭಾತ್ ಮಾಡಿದ್ದರು.

ನಮ್ಮ ಮೆಲ್ಬರ್ನಿನ ಫುಟ್‌ಬಾಲ್, ಅಂದರೆ ಫುಟಿ, ಆಂಟಿಗೆ ಹೊಸದು. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ ಆರು ಪಾಯಿಂಟ್, ತಪ್ಪಿ ಅವುಗಳ ಪಕ್ಕದ ಕಂಬದ ಸಂದಿನಲ್ಲಿ ಹೋದರೆ ಒಂದು ಎಂದು ವಿವರಿಸಿದ್ದೆ. ನಮ್ಮವರು ಹತ್ತೊಂಬತ್ತು ಸಲ ಪಕ್ಕಕ್ಕೇ ಒದ್ದರು. ಒಂದೊಂದಕ್ಕೂ ಆಂಟಿ ಚಪ್ಪಾಳೆ ತಟ್ಟಿ, “ತಪ್ಪಿದ್ರೂ ಮಾರ್ಕ್ಸ್ ಕೊಡ್ತಾರಲ್ಲೇ, ಎಷ್ಟ್ ಒಳ್ಳೆ ಜನ!” ಎನ್ನುತ್ತಿದ್ದರು. ಕೊನೆಗೆ ಮೂರೇ ಪಾಯಿಂಟಿನಿಂದ ಸೋತೆವು. ಸಿಟ್ಟು ಮಾಡಿಕೊಳ್ಳಲೂ ಯಾರಿಗೂ ತ್ರಾಣವಿರಲಿಲ್ಲ.

ಹಿಂದೆ ಮೆಲ್ಬರ್ನಿನಲ್ಲಿ ನಮ್ಮ ಬೀದಿಯಲ್ಲೇ ಇದ್ದ ಚಿದಾನಂದ ಅಂಕಲ್ ಎದ್ದು ನಿಂತು, “ಸಾಕಮ್ಮ, ಐ ಆಮ್ ಡನ್. ಇನ್ಮೇಲೆ ಇವರಿಗೋಸ್ಕರ ನಿದ್ದೆ ಕೆಡಿಸ್ಕೊಳಲ್ಲ” ಎಂದರು. ಎಲ್ಲರೂ ಹೌದೆಂದು ತಲೆಯಾಡಿಸಿ, ಆರಿದ ಕೇಸರಿಭಾತ್ ತಿಂದು ಹೊರಟರು.

ನನ್ನ ಗಂಟಲು ಕಟ್ಟಿದೆ. ಕಿರುಚಿದ್ದಕ್ಕೆ ಅಷ್ಟೇ, ಜ್ವರವಲ್ಲ ಎಂದು ಅಮ್ಮನಿಗೆ ಹೇಳು.

ಕಾರ್ಡಿನಲ್ಲಿ ಜಾಗ ಮುಗಿಯುತ್ತಿದೆ. ಈಗ ಮೆಟ್ಟಿಲ ಬಳಿ ನೋಡಿದರೆ, ಚಿದಾನಂದ ಅಂಕಲ್‌ದೂ ಸೇರಿ ಆರೂ ಸ್ಕಾರ್ಫ್ ಗೂಟಕ್ಕೇ ನೇತಾಡುತ್ತಿವೆ. ಒಬ್ಬರೂ ಮನೆಗೆ ಒಯ್ದಿಲ್ಲ. ಆಂಟಿ ಅವನ್ನು ಎಣಿಸಿ, “ಮುಂದಿನ ಶನಿವಾರಾನೂ ಇಷ್ಟೇ ಜನ ತಾನೆ?” ಎಂದು ಕೇಳುತ್ತಿದ್ದಾರೆ.

ಹಂಸಿನಿ