ಅವ್ವನನ್ನು ಕರೆತರುವ ದೋಣಿ

ಬುಡಲಂಗಿ, ಶಾಲೆಯ ಶಿಬಿರ
ಗುರುವಾರ ಬೆಳಿಗ್ಗೆ

ನನ್ನ ಮುದ್ದು ಅವ್ವಾ,

ಮೊದಲು ಬೈದು ಮುಗಿಸು, ಆಮೇಲೆ ಓದು. ಎದುರಿಗೆ ನಿಂತು ನಿನಗೆ ಬುದ್ಧಿ ಹೇಳುವ ಧೈರ್ಯ ನನಗೆ ಎಂದೂ ಇರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ತುಂಬು ಬಸುರಿ ದೋಣಿ ಹತ್ತಬಾರದೆಂದು ಇಲ್ಲಿಯ ನರ್ಸಮ್ಮ ಗದರಿದ್ದಾಳೆ, ಇಲ್ಲದಿದ್ದರೆ ನಾನೇ ಬರುತ್ತಿದ್ದೆ.

ನಿನ್ನೆ ಪ್ರವಾಹ ಸಮಿತಿಯವರು ನಿನ್ನ ಮನೆಗೆ ದೋಣಿ ಕಳಿಸಿದರು. ಹುಟ್ಟು ಹಾಕಲು ಯಾರು ಹೋಗುತ್ತಿದ್ದಾರೆಂದು ಒಬ್ಬರೂ ಯೋಚಿಸಲಿಲ್ಲ. ನನ್ನ ಗಂಡ ವಂದೇರನನ್ನು ಕಂಡದ್ದೇ ನೀನು ತಲೆಗೆ ಬಟ್ಟೆ ಎಳೆದುಕೊಂಡು ಒಳಗೆ ಹೋದೆಯಂತೆ. "ಅಳಿಯ ಕೂತಿರೋ ದೋಣೀಲಿ ಅತ್ತೆ ಮೊಣಕಾಲಿಗೆ ಮೊಣಕಾಲು ತಾಗಿಸ್ಕೊಂಡು ಕೂರೋದಾ? ಅದಕ್ಕಿಂತ ನದೀನೇ ಒಳಗೆ ಬರ್ಲಿ ಬಿಡು" ಅಂದೆಯಂತೆ. ಇವರೂ ನಾಚಿಕೊಂಡು, ಬೆನ್ನು ತಿರುಗಿಸಿಯೇ ವಾಪಸು ಬಂದರು.

ಶಿಬಿರದಲ್ಲೆಲ್ಲ ಇದೇ ಮಾತು. ಸಮಿತಿಯ ನಮುಕುರು ಚಿಕ್ಕಮ್ಮ ಗಂಡಸರಿಗೆ ಚೆನ್ನಾಗಿ ಉಗಿದಳು: "ನೀರು ಎಷ್ಟು ಏರಿತು ಅಂತ ಅಳೀತೀರಿ, ಮರಳು ಮೂಟೆ ಹೊರ್ತೀರಿ. ಯಾರು ಯಾರಿಗೆ ಬೀಗರು ಅಂತ ಕೇಳೋಕೆ ನಾಲಿಗೆ ಬಿದ್ದೋಗಿತ್ತಾ?" ಈಗ ದೋಣಿ ಬಿಡುವ ಮುನ್ನ ಅದನ್ನೂ ಕೇಳುತ್ತಿದ್ದಾರೆ. ಎಲ್ಲರಿಗೂ ನಗು. ನನಗೆ ಮಾತ್ರ ನಗು ಬರುತ್ತಿಲ್ಲ.

ಅವ್ವಾ, ನ್ಜೋಯಾ ನದಿಯ ಏರಿ ನಿನ್ನ ಮನೆಯ ಹಿಂದೆಯೇ ಬಿರಿದಿದೆ. ಸಂಜೆಯವರೆಗೆ ಅದು ನಿಲ್ಲುವ ಭರವಸೆ ಯಾರಿಗೂ ಇಲ್ಲ. ಇಲ್ಲಿ ಹೆಂಗಸರಿಗೆ ಬೇರೆಯೇ ಕೋಣೆಯಿದೆ, ಗಂಡಸರೆಲ್ಲ ಮೈದಾನದ ಆಚೆ ತುದಿಯಲ್ಲಿ. ಅಳಿಯನ ಸೂರಿನಡಿ ಮಲಗಿದಳೆಂದು ಯಾರೂ ಆಡಿಕೊಳ್ಳುವುದಿಲ್ಲ. ಕಾವಿಗೆ ಕೂತ ಕೋಳಿಯನ್ನು ಮೊಟ್ಟೆಯ ಸಮೇತ ಬುಟ್ಟಿಯಲ್ಲೇ ತಾ. ಇಲ್ಲಿಯ ಉಗಾಲಿ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ. ನಿನ್ನ ಕೈಯ ಒಣಮೀನಿನ ಸಾರು ಬೇಕೆನಿಸಿದೆ. ನೋವು ಬಂದಾಗ ನನ್ನ ಬೆನ್ನು ನೀವಲು ಬೇರೆ ಯಾರ ಕೈಯೂ ಬೇಡ.

ಪತ್ರವನ್ನು ನಮುಕುರು ಚಿಕ್ಕಮ್ಮ ತರುತ್ತಾಳೆ. ಅವಳ ಪಕ್ಕ, ಮುಂದಕ್ಕೆ ಮುಖ ಮಾಡಿ ಕೂತುಕೋ. ಹಿಂದೆ ಹುಟ್ಟು ಹಾಕುವವರ ಕಡೆ ತಿರುಗಬೇಡ, ತಲೆ ಸುತ್ತೀತು.

ನಿನ್ನ ದಾರಿ ಕಾಯುತ್ತಿರುವ
ನಬ್ವಿರೆ

ಸಹಿ ಹಾಕಿದ ಮೇಲೆ ಮನಸ್ಸು ತಡೆಯಲಿಲ್ಲ: ತಲೆ ಸುತ್ತುವ ಮಾತು ಸುಳ್ಳು. ರೋಗಿಗಳನ್ನು ಒಯ್ದ ಇನ್ನೊಂದು ದೋಣಿಯೂ ಅದರ ಹುಟ್ಟು ಹಾಕುವವರೂ ಮರಳಿಲ್ಲ. ಆ ಸೆಳೆತದಲ್ಲಿ ದೋಣಿ ನಡೆಸಬಲ್ಲವರು ಇಲ್ಲಿ ನಿನ್ನ ಅಳಿಯ ಒಬ್ಬರೇ. ನನ್ನ ಹಳೆಯ ಕಾಂಗಾ ಬಟ್ಟೆಯನ್ನು ಕಣ್ಣಷ್ಟೇ ಬಿಟ್ಟು ಹೊದ್ದಿದ್ದಾರೆ, ಥೇಟ್ ಮದುವಣಗಿತ್ತಿಯ ಹಾಗೆ. "ಅವರು ನನ್ನ ನೋಡೋದು ಬೇಡ, ಮಾತೂ ಬೇಡ. ಆದ್ರೆ ಅವರು ಹತ್ತೋವರೆಗೂ ದೋಣಿ ಅಲ್ಲಿಂದ ಕದಲಲ್ಲ" ಎಂದಿದ್ದಾರೆ. ಏರಿ ಒಡೆದರೂ ಕದಲುವವರಲ್ಲ, ನಾನು ಬಲ್ಲೆ. ಅವ್ವಾ, ಅವರನ್ನು ನನಗೆ ವಾಪಸು ಕರೆದುಕೊಂಡು ಬಾ.