ಪೂಜೆಯಾದ ಗಾಡಿಯ ಹಿಂದಿನ ಆಕ್ಸಲ್

ಎಲ್ ಆಲ್ಟೊ, ಬೊಲಿವಿಯಾ
೧೩ ಆಗಸ್ಟ್ ೧೯೯೪, ಶನಿವಾರ

ನನ್ನ ಮುದ್ದಿನ ತಮ್ಮ ರೆಮಿಗೆ,

ಹೇಗಿದ್ದೀಯಪ್ಪಾ? ಚಿಲಿಯ ಆ ಗಣಿ ಧೂಳಿಗೆ ನಿನ್ನ ಕೆಮ್ಮು ಜಾಸ್ತಿಯಾಗಿಲ್ಲ ತಾನೆ? ಹೊತ್ತಿಗೆ ಸರಿಯಾಗಿ ಬಿಸಿ ಸೂಪು ಕುಡಿ, ಬರೀ ಬ್ರೆಡ್ ತಿಂದು ಮಲಗಬೇಡ. ನಾನೂ ಮಗುವೂ ಚೆನ್ನಾಗಿದ್ದೇವೆ. ಅವಳಿಗೆ ಹಲ್ಲು ಬರುತ್ತಿದೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳೆ, ಮೊನ್ನೆ ಸ್ಪಾನರ್ ಬಾಯಿಗಿಟ್ಟುಕೊಂಡಿದ್ದಳು. ಅಪ್ಪನಿಗೆ ಮಂಡಿನೋವು, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ.

ಇನ್ನು ಸುದ್ದಿ. ಬರೆಯೋಕೇ ಹೇಸಿಗೆಯಾಗುತ್ತೆ ಕಣೋ. ನೀನು ಊರು ಬಿಡುವ ಮುಂಚೆ ಷೆಡ್ಡಿನಲ್ಲಿಟ್ಟಿದ್ದೆಯಲ್ಲ, ಗುಜರಿ ಲಾರಿಯಿಂದ ಬಿಚ್ಚಿ ತಂದ ಹಿಂದಿನ ಆಕ್ಸಲ್, ಅದನ್ನು ಅಪ್ಪನ ಲಾರಿಗೆ ಹಾಕೋದು ಅಂತ ತೀರ್ಮಾನವಾಯಿತು. ಇಂಥ ಹಳೇ ಆಕ್ಸಲ್ಲನ್ನು ಪೂರಾ ಬಿಚ್ಚಿ, ಡೀಸೆಲ್‌ನಲ್ಲಿ ತೊಳೆದು, ಬೇರಿಂಗು, ಆಯಿಲ್ ಸೀಲು, ಬ್ರೇಕ್ ಲೈನರ್ ಎಲ್ಲ ಹೊಸದು ಕೂರಿಸದೆ ಗಾಡಿಗೆ ಏರಿಸಬಾರದು ಅಂತ ನಮಗೆ ಕಲಿಸಿದ್ದು ಅಪ್ಪನೇ. ನಾನು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬೇರಿಂಗ್ ತರೋಕೆ ಒರೂರೊಗೆ ಹೋದೆ. ಮೂರು ದಿನ ಬಿಟ್ಟು ಬಂದು ನೋಡಿದರೆ ಸೆನೋನ್ ಚಿಕ್ಕಪ್ಪ ಆ ಆಕ್ಸಲ್ಲಿಗೆ ಮೇಲೆ ಕೆಂಪು ಬಣ್ಣ ಹೊಡೆದು ಹಾಗೇ ಕೂರಿಸಿಬಿಟ್ಟಿದ್ದಾನೆ! ಪೂಜೆಯೂ ಮುಗಿದಿದೆ. ಬಾನೆಟ್ ತುಂಬಾ ಬಣ್ಣದ ಕಾಗದ, ಹೂವಿನೆಸಳು, ನಾಲ್ಕೂ ಚಕ್ರಕ್ಕೆ ಬಿಯರ್. ಎಡಗಡೆ ಹಿಂದಿನ ಬ್ರೇಕ್ ಡ್ರಮ್ಮಿನಿಂದ ಆಯಿಲ್ ಇಳಿದು ಬಿಯರಿನ ಜೊತೆ ಕೆಸರಾಗಿದೆ.

ಕೇಳಿದರೆ ಚಿಕ್ಕಪ್ಪ ಏನಂತಾನೆ ಗೊತ್ತಾ? “ರೆಮಿ ಬಿಚ್ಚಿ ಎಲ್ಲಾ ಹೊಸದು ಹಾಕಿಟ್ಟಿದ್ದ ಕಣೇ, ನಾನ್ಯಾಕೆ ಮತ್ತೆ ಬಿಚ್ಚಲಿ?” ಥೂ! ನೀನು ಕಟ್ಟಿದ್ದರೆ ಆಯಿಲ್ ಸೋರುತ್ತಿತ್ತಾ? ತಾನು ಮೈಗಳ್ಳತನ ಮಾಡಿ ಊರಲ್ಲಿಲ್ಲದವನ ತಲೆಗೆ ಕಟ್ಟೋದಾ? ಎಲ್ಲರ ಮುಂದೆ ಅವನ ಮುಖಕ್ಕೆ ಉಗಿದೆ ರೆಮಿ, ನಿಜವಾಗಿ ಉಗಿದೆ. ಅಪ್ಪನೋ, “ಭೂಮಿತಾಯಿಗೆ ಎರೆದಾಯ್ತು. ಒಂಬತ್ತು ದಿನ ಗಾಡಿಗೆ ಸ್ಪಾನರ್ ಮುಟ್ಟಿಸಿದರೆ ಕೈ ಮುರೀತೀನಿ” ಅಂತ ಕೂತಿದ್ದಾನೆ. ಸೋಮವಾರ ಕರನಾವಿಯ ಇಳಿಜಾರಿಗೆ ಹೊರಡುತ್ತಾನಂತೆ. ಆ ಘಾಟಿಯಲ್ಲಿ ಬ್ರೇಕ್ ಹಿಡಿಯದಿದ್ದರೆ ಏನಾಗುತ್ತೆ ಅಂತ ನಿನಗೆ ನಾನು ಹೇಳಬೇಕಾ? ಪೂಜೆಯ ಶಾಸ್ತ್ರ ಇಟ್ಟುಕೊಂಡು ಅಪ್ಪನ ಹೆಣ ಹೊರೋಕೆ ನಾನು ತಯಾರಿಲ್ಲ. ನಾಳೆ ಅವರು ಚರ್ಚಿಗೆ ಹೋದ ಹೊತ್ತಿಗೆ ಬಿಚ್ಚುತ್ತೇನೆ. ಕೈ ಮುರಿದರೆ ಮುರಿಯಲಿ.

ಬೆಚ್ಚಗಿರು ಮರಿ. ಮಗುವಿನಿಂದ ಜೊಲ್ಲು ಮುತ್ತು. ತಾಯಿ ಮರಿಯಳ ಕಣ್ಣು ನಿನ್ನ ಮೇಲಿರಲಿ.

ನಿನ್ನ ಅಕ್ಕ
ಬಾಸಿಲಿಯಾ

ವಿ.ಸೂ. ಭಾನುವಾರ ಮಧ್ಯಾಹ್ನ. ನಿಮ್ಮ ಕಲಾಮಾ ಕಡೆ ಹೋಗುವ ಬಸ್ಸಿನ ಡ್ರೈವರ್ ಈ ಕಾಗದಕ್ಕಾಗಿ ಬಾಗಿಲಲ್ಲಿ ನಿಂತಿದ್ದಾನೆ. ಬಿಚ್ಚಿದೆ. ಬಲಗಡೆ ಹೊಸ ಲೈನರ್. ಎಡಗಡೆ ಆಯಿಲ್ ಕುಡಿದ ಹಳೇ ಲೈನರನ್ನೇ ಪೆಟ್ರೋಲ್ ಸುರಿದು ಸುಟ್ಟು ಒಣಗಿಸಿ ಯಾರೋ ವಾಪಸ್ ಕೂರಿಸಿದ್ದಾರೆ, ಸೀಲೂ ಹಳೇದೇ. ಕೆಲಸ ಮುಗಿಸಿದವರು ಒಳಗಡೆ ಗೀಚುವ ಗುರುತು ಇದೆಯಲ್ಲ, ಅದು ನಿನ್ನದು. ತಾರೀಕು ನೀನು ಬಸ್ ಹತ್ತಿದ ದಿನದ್ದು. ನಾನಾಗ ಬಾಣಂತಿ, ನಿನ್ನ ಕೆಲಸ ನೋಡೋರು ಯಾರೂ ಇರಲಿಲ್ಲ. ಚಿಕ್ಕಪ್ಪನ ಕಾಲಿಗೆ ಬಿದ್ದು ಬಂದೆ. ಅಪ್ಪನ ಗಾಡಿ ಸರಿ ಮಾಡಿದೆ, ಅದರ ಚಿಂತೆ ಬೇಡ. ನಿನ್ನನ್ನು ನೆನೆಸಿಕೊಂಡರೆ ಹೇಸಿಗೆಯಾಗುತ್ತೆ, ಆದರೆ ಅದೂ ಆಮೇಲಿರಲಿ, ಕ್ಷಮೆಯೂ ಆಮೇಲಿರಲಿ. ಆ ವಾರ ನೀನು ಎರಡು ಆಕ್ಸಲ್ ಕಟ್ಟಿದ್ದೆಯಂತೆ, ಚಿಕ್ಕಪ್ಪ ಹೇಳಿದ. ಇನ್ನೊಂದು ಯಾರ ಗಾಡಿಯಲ್ಲಿದೆ? ಹೆಸರು ಬರೆದು ಇದೇ ಡ್ರೈವರ್ ಕೈಯಲ್ಲಿ ಕಳಿಸು, ಈ ಕ್ಷಣ.