ದೋಣಿಯಲ್ಲಿ ನೀಲಿ ಕೂಡದು

ಗ್ರೈಂಡ್‌ಸ್ಟೋನ್ ದ್ವೀಪ, ಮೇನ್
ಮಾರ್ಚ್ 9, ಸೋಮವಾರ

ಪ್ರೀತಿಯ ಮಗಳು ರೋವೀನಾಗೆ,

ಹೇಗಿದ್ದೀಯಾ? ಅಲಾಸ್ಕಾದ ಚಳಿ ಮೈಗೆ ಒಗ್ಗಿತೇ? ಹೊಟ್ಟೆಗೆ ಸರಿಯಾಗಿ ತಿನ್ನುತ್ತೀಯಾ, ಇಲ್ಲಿಯ ಹಾಗೆ ಬರೀ ಕಾಫಿಯಲ್ಲೇ ದಿನ ದೂಡುತ್ತೀಯಾ? ಬೆರಳಿನ ಬಿರುಕು ವಾಸಿಯಾಯಿತೇ? ಮುಖ ಹೇಗಿದೆ? ಈ ಕೊನೆಯದನ್ನು ಬಾಯುಪಚಾರಕ್ಕೆ ಕೇಳುತ್ತಿಲ್ಲ. ನನ್ನ ದೋಣಿಯಲ್ಲಿ ಆರು ಬೇಸಿಗೆ ಬಿಸಿಲು ತಿಂದ ಮುಖ ಅದು. ನನ್ನ ಮುಖಕ್ಕೆ ಆದದ್ದು ನಿನ್ನದಕ್ಕೂ ಆಗಿದೆಯೋ ಏನೋ ಎನ್ನುವ ಭಯಕ್ಕೇ ಈ ಪತ್ರ. ನೀವು ಮೀನಿಗೆಂದು ಕಡಲಿಗಿಳಿದರೆ ಎರಡು ಮೂರು ವಾರ ಫೋನ್ ಸಿಗುವುದಿಲ್ಲ, ಪತ್ರವಾದರೆ ನಿಮ್ಮ ಕಂಪನಿಯ ಕಚೇರಿಯಲ್ಲಿ ಕಾದಿರುತ್ತದೆ ಎಂದು ನಿನ್ನ ಸೋದರತ್ತೆ ವರ್ನಾ ಹೇಳಿದಳು. ಅಂಚೆ ಕಚೇರಿ ನಡೆಸುವವಳು, ಪತ್ರದ ಪರವಾಗಿ ಹೇಳದೆ ಇನ್ನೇನು ಹೇಳುತ್ತಾಳೆ.

ಕ್ರಿಸ್‌ಮಸ್ ದಿನ ನೀನು ಫೋನ್ ಮಾಡಿದಾಗ ನಾನು ಕುಡಿದಿರಲಿಲ್ಲ. "ಹಬ್ಬದ ದಿನಾನೂ ಮಧ್ಯಾಹ್ನಕ್ಕೇ ಶುರು ಹಚ್ಕೊಂಡ್ಯಾ ಅಪ್ಪ? ಏನ್ ಹೇಳ್ತಿದ್ದೀಯ ಒಂದೂ ಗೊತ್ತಾಗ್ತಿಲ್ಲ, ಇಡ್ತೀನಿ" ಎಂದೆಯಲ್ಲ, ಆಗ ನನಗೆ ಕೆಳದುಟಿ ಅರ್ಧವೇ ಇತ್ತು. ನವೆಂಬರ್ ಕೊನೆಗೆ ಬಲಭಾಗವನ್ನು ಕತ್ತರಿಸಿ ತೆಗೆದರು. ಎರಡು ವರ್ಷದಿಂದ ಅಲ್ಲಿ ಒಂದು ಹುಣ್ಣು ಒಡೆದು, ಒಣಗಿ, ಮತ್ತೆ ಒಡೆಯುತ್ತಿತ್ತು, ನೆನಪಿದೆಯಾ? ಚಳಿಗೆ ಒಡೆದದ್ದು ಎಂದು ನಾನು, ಪೈಪು ಸೇದಿ ಆದದ್ದು ಎಂದು ನೀನು. ಇಬ್ಬರೂ ತಪ್ಪು. ಅದು ಕ್ಯಾನ್ಸರ್. ಕುತ್ತಿಗೆಯ ಗಂಟುಗಳಿಗೂ ಇಳಿದಿತ್ತು. ಅವನ್ನೂ ತೆಗೆದು, ಬ್ಯಾಂಗರ್‌ನ ಆಸ್ಪತ್ರೆಯಲ್ಲಿ ಮೂವತ್ತು ದಿನ ಕಿರಣ ಕೊಟ್ಟರು. ಫೆಬ್ರವರಿಯಲ್ಲಿ ಮುಗಿಯಿತು, ಕಳೆದ ವಾರ ಮತ್ತೊಂದು ಗಂಟು ಕೈಗೆ ಸಿಕ್ಕಿದೆ. ನಿನಗೆ ಹೇಳಕೂಡದೆಂದು ವರ್ನಾಳಿಂದ ಆಣೆ ಹಾಕಿಸಿಕೊಂಡವನು ನಾನೇ, ಅವಳ ಮೇಲೆ ಸಿಟ್ಟಾಗಬೇಡ. ಮಗಳು ನನ್ನನ್ನು ಕುಡುಕ ಎಂದುಕೊಂಡರೂ ಪರವಾಗಿಲ್ಲ ಎನಿಸಿತ್ತು. ಈಗ ಹಾಗನಿಸುತ್ತಿಲ್ಲ.

ಅಲ್ಲಿಯ ಡಾಕ್ಟರು ನಿನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಎಷ್ಟು ವರ್ಷದಿಂದ ಸಮುದ್ರದ ಮೇಲಿದ್ದೀರಿ ಎಂದು ಕೇಳಿದಳು. ನಲವತ್ತಾರು ಎಂದು ಕಾಗದದ ಮೇಲೆ ಬರೆದೆ. ಮುಖಕ್ಕೆ ಏನು ಹಚ್ಚುತ್ತಿದ್ದಿರಿ ಎಂದಳು. ಹೆರಿಂಗ್ ಮೀನಿನ ಎಣ್ಣೆ ಎಂದು ಬರೆದೆ. ಅವಳು ನಗಲಿಲ್ಲ. "ಮೇಲಿಂದ ಬೀಳೋ ಬಿಸ್ಲಿಗೆ ಟೋಪಿ ಇರುತ್ತೆ. ನೀರಿಂದ ಎದ್ದು ಬರೋ ಬಿಸ್ಲೇ ನಿಮ್ಮಂಥವರ ತುಟಿ ತಿನ್ನೋದು. ಲಾಬ್‌ಸ್ಟರ್ ಬೋನು ಎತ್ತೋವಾಗ ನೀರಿನ್ ಕಡೆಗೇ ಬಗ್ಗಿರ್ತೀರಲ್ಲ" ಎಂದಳು. ನಮ್ಮ ದೋಣಿಯಲ್ಲಿ ಹಗ್ಗ ಎಳೆಯುವ ಗಾಲಿ ಬಲಕ್ಕಿದೆ. ನಾನು ಬಲಕ್ಕೆ ಬಗ್ಗಿ ಬೋನು ಎತ್ತಿದೆ, ನೀನು ನನ್ನ ಪಕ್ಕದಲ್ಲೇ ನಿಂತು ಲಾಬ್‌ಸ್ಟರ್ ಬಿಡಿಸಿ ಎರೆ ತುಂಬಿದೆ. ನನ್ನ ಮುಖಕ್ಕೆ ಹೊಡೆದ ಬಿಸಿಲು ನಿನ್ನದನ್ನು ಬಿಟ್ಟು ಹೋಗಿರಲಾರದು.

ಈಗ ಆ ಸ್ಟಿಕ್ಕಿನ ವಿಷಯ. ಎರಡು ವರ್ಷದ ಹಿಂದೆ ಜೂನ್‌ನಲ್ಲಿ ನೀನು ರಾಕ್‌ಲೆಂಡ್ ಪಟ್ಟಣದಿಂದ ಬಿಸಿಲಿಗೆ ಮುಖಕ್ಕೆ ಹಚ್ಚುವ ಸ್ಟಿಕ್ ತಂದಿದ್ದೆ. ಜೇನುಮೇಣ, ಸತುವಿನ ಪುಡಿ, ಇನ್ನೆಂಥದೋ ಎಣ್ಣೆ, ವಿಷವೇನಿಲ್ಲ, ನೀರಿಗೆ ಬಿದ್ದರೂ ಮೀನಿಗೆ ತೊಂದರೆಯಿಲ್ಲ ಎಂದು ಪಟ್ಟಿ ಒಪ್ಪಿಸಿದೆ. ನಾನು ನೋಡಿದ್ದು ಡಬ್ಬಿಯ ಬಣ್ಣವನ್ನು ಮಾತ್ರ. ನೀಲಿ. ದೋಣಿಯಲ್ಲಿ ನೀಲಿ ಕೂಡದು, ಹಂದಿಯ ಹೆಸರೆತ್ತಕೂಡದು, ತಳದ ಗೂಡಿನ ಮುಚ್ಚಳವನ್ನು ಬೋರಲು ಹಾಕಕೂಡದು. ಇದನ್ನೆಲ್ಲ ನಾನು ಕಲಿಯಲಿಲ್ಲ, ಹುಟ್ಟುವಾಗಲೇ ಗೊತ್ತಿತ್ತು. ನನ್ನ ಅಜ್ಜನ ತಮ್ಮ ದೋಣಿಗೆ ನೀಲಿ ಬಳಿದು ಹೋದವನು ತಿರುಗಿ ಬರಲಿಲ್ಲ ಎಂದು ನೂರು ಸಲ ಕೇಳಿ ಬೆಳೆದವನು. ಅದೇ ದಿನದ ಬಿರುಗಾಳಿಗೆ ಸಿಕ್ಕ, ಬಿಳಿ ಬಳಿದ ಎರಡು ದೋಣಿಗಳೂ ಬರಲಿಲ್ಲ. ಆ ಭಾಗವನ್ನು ನಮ್ಮಲ್ಲಿ ಯಾರೂ ಹೇಳುವುದಿಲ್ಲ, ನಾನೂ ನಿನಗೆ ಹೇಳಿರಲಿಲ್ಲ.

ನೀನು ಅದನ್ನು ಮೂಗಿಗೆ, ಕೆನ್ನೆಗೆ, ಕಿವಿಗೆ ಬಳಿದುಕೊಂಡು ನಿಂತರೆ ಮುಖ ಸುಣ್ಣ ಹೊಡೆದ ಗೋಡೆಯಂತಿತ್ತು. ಒಂದು ವಾರ ಬಿಟ್ಟೆ, ಮಗಳು ಎಂದು. ಆಮೇಲೆ ಪಕ್ಕದ ದೋಣಿಯ ಕಾರ್ಲ್‌ಟನ್ ರೇಡಿಯೋದಲ್ಲಿ, ಬಂದರಿನ ಹದಿನೆಂಟು ದೋಣಿಗಳಿಗೂ ಕೇಳುವ ಹಾಗೆ, "ಏನೋ ಲಿಂಡ್ಲಿ, ಹೆಣಕ್ಕೂ ಕೆಲ್ಸ ಕೊಟ್ಟಿದ್ದೀಯಂತೆ? ಕೂಲಿ ಎಷ್ಟೋ?" ಎಂದ. ಎಲ್ಲರೂ ನಕ್ಕರು. ಆ ಮಧ್ಯಾಹ್ನ ನಾನು ಸ್ಟಿಕ್ಕನ್ನು ಕಡಲಿಗೆಸೆದೆ. ನೀನು ಇನ್ನೊಂದು ತಂದು ಅದಕ್ಕೆ ಕಪ್ಪು ಟೇಪು ಸುತ್ತಿದೆ. "ಈಗೆಲ್ಲಿದೆ ನೀಲಿ? ತೋರ್ಸು ನೋಡಾಣ" ಎಂದೆ. ಟೇಪಿನ ಒಳಗಿರುವುದೂ ನೀಲಿಯೇ ಎಂದು ನಾನು ಅದನ್ನೂ ಎಸೆದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನೀನು ಮನೆಯಲ್ಲೇ ಹಚ್ಚಿಕೊಂಡು ಬಂದಿದ್ದರೂ ಸಾಲುತ್ತಿರಲಿಲ್ಲ, ಬೆವರಿಗೂ ನೀರಿಗೂ ಹೋಗುತ್ತದೆ, ಎರಡು ಗಂಟೆಗೊಮ್ಮೆ ಹಚ್ಚಬೇಕಂತೆ. ಅಲ್ಲಿಗೆ ನೀನೂ ಹಚ್ಚುವುದನ್ನು ಬಿಟ್ಟೆ. ಹೋದ ಅಕ್ಟೋಬರ್‌ನಲ್ಲಿ ಮಾತಿಗೆ ಮಾತು ಬೆಳೆದು ನೀನು ಹೊರಟು ನಿಂತಾಗ ಎತ್ತಿ ಆಡಿದ್ದು ಮಾತ್ರ ಇದನ್ನೇ. "ನಿಂಗೆ ನೀಲಿ ಭಯ ಅಲ್ಲಪ್ಪ, ಕಾರ್ಲ್‌ಟನ್ ಬಾಯಿ ಭಯ" ಎಂದೆ. ಸರಿಯಾಗಿ ಹೇಳಿದೆ. ನನಗೆ ನಾಚಿಕೆಯಾಗಿತ್ತು. ನಾಚಿಕೆಯನ್ನು ಪದ್ಧತಿಯ ಹೆಸರಿನಲ್ಲಿ ಮುಚ್ಚಿದೆ.

ಈಗ ನಾನೇ ದಿನಕ್ಕೆ ನಾಲ್ಕು ಸಲ ಅದನ್ನು ಹಚ್ಚಿಸಿಕೊಳ್ಳುತ್ತೇನೆ. ಕಿರಣ ಕೊಟ್ಟ ಚರ್ಮಕ್ಕೆ ಮಾರ್ಚಿನ ಬಿಸಿಲೂ ಆಗದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದಾಳೆ. ವರ್ನಾ ತಂದದ್ದೂ ಅದೇ ನೀಲಿ ಡಬ್ಬಿ. ಬೇರೆ ಬಣ್ಣದ್ದು ಅಂಗಡಿಯಲ್ಲಿರಲಿಲ್ಲವಂತೆ. ಇದ್ದರೂ ತರುತ್ತಿರಲಿಲ್ಲ ಎನ್ನುವುದು ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ಚಳಿಗೆ ಅದು ಕಲ್ಲಾಗಿರುತ್ತದೆ, ಹಾಗೇ ಎಳೆದರೆ ಗಾಯದ ಚರ್ಮ ಕಿತ್ತು ಬರುತ್ತದೆ. ಅವಳು ಮೊದಲು ಅಂಗೈಯಲ್ಲಿ ಹಿಡಿದು ಮೆತ್ತಗೆ ಮಾಡಿ, ಬೆರಳಿಗೆ ತೀಡಿಕೊಂಡು, ಹೊಲಿಗೆಯ ಗುಂಟ ಒತ್ತಿ ಒತ್ತಿ ಹಚ್ಚುತ್ತಾಳೆ. ವಾಸನೆ ಕೆಟ್ಟದ್ದೇನಲ್ಲ, ಕರಗಿದ ಮೇಣದ ವಾಸನೆ. "ಬಾಯಿ ಮುಚ್ಚೋ, ಒಳಗ್ ಹೋಗುತ್ತೆ" ಎನ್ನುತ್ತಾಳೆ. ಮುಚ್ಚಲು ಆಗುವುದಿಲ್ಲ ಎಂದು ಆಮೇಲೆ ನೆನಪಾಗಿ, ಒಲೆಯ ಮೇಲೆ ಏನೋ ಉಕ್ಕಿತೆಂದು ನೆಪ ಹೇಳಿ ಒಳಗೆ ಹೋಗುತ್ತಾಳೆ. ನೀನು ಹೊರಟ ಮೇಲೆ ನನಗೆ ಬೇಕಾದದ್ದನ್ನೆಲ್ಲ ಅವಳೇ ಮಾಡುತ್ತಿದ್ದಾಳೆ. ಚೌಡರ್ ಸಾರನ್ನು ಸೋಸಿ ತಿಳಿಯನ್ನು ಕೊಡುತ್ತಾಳೆ, ಅದೂ ಅರ್ಧ ಅಂಗಿಯ ಮೇಲೆ ಹೋಗುತ್ತದೆ.

ಮೊನ್ನೆ ಬಿಳಿ ಮುಖದಲ್ಲೇ ಬಂದರಿನ ದಕ್ಕೆಗೆ ಹೋದೆ. ಕಾರ್ಲ್‌ಟನ್ ಎದುರಾದ. ಏನಾದರೂ ಅನ್ನಲಿ ಎಂದೇ ಕಾದು ನಿಂತೆ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನೆಲ ನೋಡಿದ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಹತ್ತಿರ ಬಂದು, ಯಾರಿಗೂ ಕಾಣದ ಹಾಗೆ ಕಿವಿಯ ತುದಿ ಮಡಚಿ ತೋರಿಸಿ, "ಇದು ಏನಿರ್ಬೋದೋ ಲಿಂಡ್ಲಿ? ಸುಮ್ನೆ ಕೇಳ್ದೆ" ಎಂದ. ಬ್ಯಾಂಗರ್‌ನ ಡಾಕ್ಟರ ಹೆಸರನ್ನು ಅವನ ಅಂಗೈ ಮೇಲೇ ಬರೆದುಕೊಟ್ಟೆ. ಈ ಬೇಸಿಗೆ ನಾನು ಬೋನು ಇಳಿಸುವುದಿಲ್ಲ. ದೋಣಿ ಮನೆಯ ಹಿಂದೆ ಕಂಬಗಳ ಮೇಲೆ ಕೂತಿದೆ. ನಿನ್ನನ್ನು ವಾಪಸು ಬಾ ಎಂದು ಕರೆಯುತ್ತಿಲ್ಲ. ಕರೆಯುವ ಮುಖ ನನಗಿಲ್ಲ, ನೀನು ಅಲ್ಲಿ ನಾಲ್ಕು ಜನರ ಮೆಚ್ಚುಗೆ ಪಡೆದು ದುಡಿಯುತ್ತಿದ್ದೀಯ ಎಂದು ಕೇಳಿದ್ದೇನೆ. ಸಂತೋಷವಾಯಿತು. ನಿನ್ನಷ್ಟು ಚುರುಕಾಗಿ ಬೋನು ಬಿಡಿಸುವವರನ್ನು ನಾನು ಈ ಕರಾವಳಿಯಲ್ಲಿ ನೋಡಿಲ್ಲ. ದೋಣಿಯಲ್ಲಿದ್ದಾಗ ಒಂದು ದಿನವೂ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

ನಿನ್ನ ಅತ್ತೆ ಒಂದು ಜೊತೆ ಉಣ್ಣೆಯ ಕೈಗವಸು ಹೆಣೆದಿದ್ದಾಳೆ, ಬೇರೆ ಪೊಟ್ಟಣದಲ್ಲಿ ಬರುತ್ತದೆ. ಅವಳ ಸಿಹಿಮುತ್ತುಗಳೂ ಜೊತೆಗಿವೆಯಂತೆ. ದೇವರು ನಿನ್ನನ್ನು ನೀರಿನ ಮೇಲೂ ನೆಲದ ಮೇಲೂ ಕಾಯಲಿ. ನನಗೆ ಮಾಡಲಾಗದ್ದನ್ನು ಅವನಾದರೂ ಮಾಡಲಿ.

ನಿನ್ನ ಅಪ್ಪ,
ಲಿಂಡ್ಲಿ

ಇನ್ನೊಂದು ಮಾತು: ಮರೆತು ಬಿಟ್ಟದ್ದಲ್ಲ, ಬರೆಯಲು ಧೈರ್ಯವಾಗದೆ ಬಿಟ್ಟದ್ದು. ಅಂಚೆ ದೋಣಿ ಎಂಜಿನ್ ಶುರು ಮಾಡಿದೆ, ವರ್ನಾ ಅಂಚೆ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಹೋದ ಆಗಸ್ಟ್‌ನಲ್ಲಿ ದ್ವೀಪಗಳನ್ನು ಸುತ್ತುವ ಆರೋಗ್ಯ ದೋಣಿ ಬಂದಿದ್ದ ದಿನ ನೀನು ಕೆಳಗೆ ಎರೆ ತುಂಬಿಸುತ್ತಿದ್ದೆ. ಅದರ ನರ್ಸ್ ನನ್ನ ಹತ್ತಿರ ಬಂದು, "ನಿಮ್ ಮಗಳ ಎಡಗಣ್ಣಿನ ಕೆಳಗಿರೋ ಆ ಕಪ್ಪು ಮಚ್ಚೆ ನಂಗ್ಯಾಕೋ ಸರಿ ಕಾಣ್ತಿಲ್ಲ. ನಾಲ್ಕಕ್ಕೆ ಹೊರಡ್ತೀವಿ, ಅಷ್ಟ್ರಲ್ಲಿ ಕಳ್ಸಿ, ಪಟ್ಟಣದ ಡಾಕ್ಟರಿಗೆ ಚೀಟಿ ಕೊಡ್ತೀನಿ" ಎಂದಳು. ಆಗಲಿ ಎಂದೆ. ಬೋನಿಗೆ ಲಾಬ್‌ಸ್ಟರ್ ರಾಶಿ ರಾಶಿ ಬೀಳುತ್ತಿದ್ದ ವಾರ ಅದು, ನೀನು ಪಟ್ಟಣಕ್ಕೆ ಹೋದರೆ ಎರಡು ದಿನ ದೋಣಿ ನಿಲ್ಲುತ್ತಿತ್ತು. ನಿನಗೆ ಹೇಳಲಿಲ್ಲ. ನಾಳೆ ಹೇಳೋಣ, ವಾರ ಕಳೆಯಲಿ ಎಂದುಕೊಂಡೆ. ಏಳು ತಿಂಗಳಾಯಿತು. ವರ್ನಾಗೂ ಇದು ಗೊತ್ತಿಲ್ಲ. ಚೀಲ ದೋಣಿ ಸೇರಿದ ಮೇಲೆ ಅವಳಿಗೂ ಹೇಳುತ್ತೇನೆ, ನೀನು ದಡಕ್ಕೆ ಬರುವವರೆಗೂ ಅವಳು ದಿನಾ ಫೋನ್ ಮಾಡುತ್ತಿರಲಿ. ನನ್ನನ್ನು ಕ್ಷಮಿಸುವುದು ಬಿಡುವುದು ಆಮೇಲೆ. ಇದನ್ನು ಓದಿದ ದಿನವೇ ಆ ಮಚ್ಚೆಯನ್ನು ಡಾಕ್ಟರಿಗೆ ತೋರಿಸು. ಕೆಲಸವಿದೆ, ಬಿಡುವುದಿಲ್ಲ ಎಂದು ನಿನ್ನ ಕ್ಯಾಪ್ಟನ್ ಅಂದರೆ ಕೇಳಬೇಡ, ಇಳಿದು ಹೋಗು. ಒಬ್ಬ ಕ್ಯಾಪ್ಟನ್ನನ್ನು ನಂಬಿದ್ದೇ ಸಾಕು.